ಶನಿವಾರದ ವಿದ್ಯಾರ್ಥಿ

ಕಾಲೇಜು ಆಟಕ್ಕೆ ದುಡ್ಡಿನ ಮೈಲಿಗೆ ತಾಕಬಾರದು ಎನ್ನುವ ವಿಷಯದಲ್ಲಿ ಅಮೆರಿಕದ ಎನ್‌ಸಿಎಎ ಆಚರಿಸಿಕೊಂಡು ಬಂದಷ್ಟು ಮಡಿಯನ್ನು ನಮ್ಮ ಯಾವ ಮಠವೂ ಆಚರಿಸಿದ್ದಿಲ್ಲ. ಆ ದೇಶದ ಕಾಲೇಜು ಕ್ರೀಡೆಯನ್ನು ಆಳುವ ಈ ಸಂಸ್ಥೆಯ ಪುಸ್ತಕದಲ್ಲಿ ಹತ್ತು ಹನ್ನೆರಡು ವರ್ಷದ ಹಿಂದಿನವರೆಗೂ ಒಂದು ಕಟ್ಟಳೆ ಇತ್ತು. ಆಟಗಾರರಿಗೆ ಕಾಲೇಜಿನವರು ತಿನ್ನಲು ಬೇಗಲ್ ಎಂಬ ಬ್ರೆಡ್ಡು ಕೊಡಬಹುದು. ಅದಕ್ಕೆ ಕ್ರೀಮ್ ಚೀಸ್ ಸವರುವಂತಿಲ್ಲ. ಬರೀ ಬೇಗಲ್ ಅಂದರೆ ತಿಂಡಿ. ಸವರಿದರೆ ಊಟ. ಲೆಕ್ಕಕ್ಕಿಂತ ಹೆಚ್ಚಿನ ಊಟ ಅಂದರೆ ಆಮಿಷ. ಆಮಿಷ ಅಂದರೆ ಭ್ರಷ್ಟಾಚಾರ. ನಮ್ಮ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬನ್ನು ಅಲ್ಲಿ ಸಿಗುವಂತಿದ್ದರೆ ಇನ್ನೆಷ್ಟು ಹುಡುಗರ ಭವಿಷ್ಯ ಮಣ್ಣುಪಾಲಾಗುತ್ತಿತ್ತೋ!

ಅದೇ ಕಾಲದಲ್ಲಿ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ಖಜಾನೆಯಿಂದ ಎಲ್ಲರಿಗಿಂತ ಹೆಚ್ಚು ಸಂಬಳ ಎಣಿಸುತ್ತಿದ್ದವರು ಗವರ್ನರೂ ಅಲ್ಲ, ಕುಲಪತಿಯೂ ಅಲ್ಲ, ಫುಟ್‌ಬಾಲಿನ ಇಲ್ಲವೇ ಬ್ಯಾಸ್ಕೆಟ್‌ಬಾಲಿನ ಕೋಚ್. ಅವರ ಬೇಗಲ್ಲಿಗೆ ಎಷ್ಟು ಸವರಿದರೂ ಶಾಸ್ತ್ರದ ಅಡ್ಡಿ ಇರಲಿಲ್ಲ.

ಈ ಆಟ ನೋಡದವರಿಗೆ ಒಂದು ಮಾತು. ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ತಂಡದಿಂದ ಒಮ್ಮೆಗೆ 11 ಮಂದಿ ಅಂಕಣದಲ್ಲಿರುತ್ತಾರೆ. 10 ಮಂದಿಯ ಹೆಸರು ಅವರವರ ಮನೆಯವರಿಗೆ ಗೊತ್ತು. ಹನ್ನೊಂದನೆಯವನ ಹೆಸರು ಇಡೀ ರಾಜ್ಯಕ್ಕೆ ಗೊತ್ತು. ಅವನು ಕ್ವಾರ್ಟರ್‌ಬ್ಯಾಕ್. ತಂಡ ದಾಳಿಗಿಳಿದಾಗ ಹೆಚ್ಚುಕಡಿಮೆ ಪ್ರತಿಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ದೂರಕ್ಕೆ ಎಸೆಯಬೇಕೋ, ಪಕ್ಕದವನಿಗೆ ದಾಟಿಸಬೇಕೋ, ತಾನೇ ಹಿಡಿದು ಓಡಬೇಕೋ ಎಂದು ತೀರ್ಮಾನಿಸಲು ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರೊಳಗೆ ನೂರಿಪ್ಪತ್ತು ಕಿಲೋ ತೂಗುವ ನಾಲ್ಕಾರು ಜನ ಅವನನ್ನು ನೆಲಕ್ಕೆ ಕೆಡವಲೆಂದೇ ನುಗ್ಗಿ ಬರುತ್ತಿರುತ್ತಾರೆ. ಇದೆಲ್ಲ ನಡೆಯುವುದು ಶನಿವಾರ. ಸೋಮವಾರ ಬೆಳಗ್ಗೆ ಇದೇ ಹುಡುಗ ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಾನೆ ಎಂದು ನಂಬುವುದು ಆಟದ ಮೊದಲ ನಿಯಮ.

ನನಗೆ ಕಾಲೇಜು ಬೇಡ, ಸೀದಾ ಎನ್‌ಎಫ್‌ಎಲ್ ಸೇರುತ್ತೇನೆ ಎಂದರೆ ಅದೂ ಆಗದು. ಹೈಸ್ಕೂಲು ಮುಗಿದು ಮೂರು ವರ್ಷ ಕಳೆಯದೆ ಆ ವೃತ್ತಿಪರ ಲೀಗು ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಮೂರು ವರ್ಷವನ್ನು ಸರಸ್ವತಿಯ ಸನ್ನಿಧಿಯಲ್ಲೇ ಕಳೆಯಬೇಕು. ಬೇರೆ ಬಾಗಿಲು ಮುಚ್ಚಿದ್ದರೆ ಭಕ್ತಿ ತಾನಾಗಿ ಹುಟ್ಟುತ್ತದೆ.

ಈ ಭಕ್ತಿಗೆ ಶಾಸ್ತ್ರ ಬರೆದವರು ವಾಲ್ಟರ್ ಬೈಯರ್ಸ್. 1951ರಿಂದ 1987ರವರೆಗೆ ಎನ್‌ಸಿಎಎಯ ಮುಖ್ಯಾಧಿಕಾರಿ. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ದುಡಿಯುತ್ತ ಸತ್ತ ಕಾರ್ಮಿಕನ ಮನೆಯವರಿಗೆ ಸಿಗುವ ಪರಿಹಾರ ನನಗೂ ಸಿಗಲಿ ಎಂದು ಅವನ ಹೆಂಡತಿ ಕೇಳಿದಳು. ಅವಳಿಗೆ ಹೌದು ಎಂದರೆ ದೇಶದ ಕಾಲೇಜುಗಳೆಲ್ಲ ಮಾಲೀಕರಾಗುತ್ತವೆ, ಹುಡುಗರೆಲ್ಲ ನೌಕರರಾಗುತ್ತಾರೆ, ಮುರಿದ ಕಾಲಿಗೆಲ್ಲ ಲೆಕ್ಕ ಕೊಡಬೇಕಾಗುತ್ತದೆ. ಹೀಗಾಗಿ ಬೈಯರ್ಸರೂ ಅವರ ಸಂಗಡಿಗರೂ ಸೇರಿ ‘ಸ್ಟೂಡೆಂಟ್ ಅಥ್ಲೀಟ್’ ಎಂಬ ಹೊಸ ಜಾತಿಯೊಂದನ್ನು ಹುಟ್ಟಿಸಿ, ಕಂಡಕಂಡ ಕಾಗದಕ್ಕೆಲ್ಲ ಅದರ ಮುದ್ರೆ ಒತ್ತಿಸಿದರು. 1957ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟು, ಕಾಲೇಜೇನೂ ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಪರಿಹಾರದ ಮಾತು ಬರುವುದಿಲ್ಲ ಎಂದಿತು. ನಿವೃತ್ತಿಯಾಗಿ ಎಂಟು ವರ್ಷ ಕಳೆದ ಮೇಲೆ, 1995ರಲ್ಲಿ, ಬೈಯರ್ಸ್ ಒಂದು ಪುಸ್ತಕ ಬರೆದು, ಆ ಹೆಸರು ಕಾನೂನಿನಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯ, ಇಡೀ ಪದ್ಧತಿಯಲ್ಲೇ ಹಿಂದಿನ ತೋಟದೊಡೆಯರ ವಾಸನೆಯಿದೆ ಎಂದು ಒಪ್ಪಿಕೊಂಡರು. ನಮ್ಮ ನಿವೃತ್ತ ಅಧಿಕಾರಿಗಳ ಆತ್ಮಕಥೆ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕುರ್ಚಿ ಬಿಟ್ಟು ಎದ್ದ ಮೇಲಲ್ಲವೇ ಅದರ ಕಾಲು ಮುರಿದಿದೆ ಎಂದು ಕಾಣುವುದು.

ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಕೇಯ್ನ್ ಕೋಲ್ಟರ್ ಮಾಡಿದ ತಪ್ಪು ಒಂದೇ: ಈ ಶಾಸ್ತ್ರವನ್ನು ಅಕ್ಷರಶಃ ನಂಬಿದ. ತಾನು ವಿದ್ಯಾರ್ಥಿ ಎಂದುಕೊಂಡ. ಮೂಳೆ ಡಾಕ್ಟರಾಗಬೇಕೆಂಬ ಆಸೆಯಿಟ್ಟುಕೊಂಡು ರಸಾಯನಶಾಸ್ತ್ರದ ಪಾಠಕ್ಕೆ ಹೋಗೋಣವೆಂದರೆ ಅದು ಸರಿಯಾಗಿ ತಂಡದ ಅಭ್ಯಾಸದ ಹೊತ್ತಿಗೇ ಇತ್ತು. ವೈದ್ಯಕೀಯದ ಹಾದಿ ಅಲ್ಲಿಗೆ ಮುಗಿದು ಕೊನೆಗೆ ಮನಶ್ಶಾಸ್ತ್ರಕ್ಕೆ ಬಂದು ನಿಂತ. (ಅವನ ಪರಿಸ್ಥಿತಿಯಲ್ಲಿ ಉಪಯೋಗಕ್ಕೆ ಬರುವ ವಿಷಯ ಅದೇ ಇರಬೇಕು.) ಪಂದ್ಯಗಳ ಕಾಲದಲ್ಲಿ ವಾರಕ್ಕೆ 40ರಿಂದ 50 ತಾಸು ಫುಟ್‌ಬಾಲಿಗೆ ಹೋಗುತ್ತದೆ, ಇದು ಕೆಲಸವಲ್ಲದೆ ಇನ್ನೇನು ಎಂದು ಕೇಳಿ 2014ರಲ್ಲಿ ಆಟಗಾರರ ಯೂನಿಯನ್ ಕಟ್ಟಲು ಹೊರಟ. ಕಾರ್ಮಿಕ ಮಂಡಳಿಯ ಶಿಕಾಗೊ ಅಧಿಕಾರಿ ವಿಚಾರಣೆ ನಡೆಸಿ ಹೌದು, ಇವರು ನೌಕರರೇ ಎಂದರು. ಆಟಗಾರರು ಮತ ಹಾಕಿದರು. ಪೆಟ್ಟಿಗೆಗೆ ಬೀಗ ಬಿತ್ತು. ಮರುವರ್ಷ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಮಂಡಳಿ, ಈ ವಿಷಯವನ್ನು ನಮ್ಮ ವ್ಯಾಪ್ತಿಗೆ ತೆಗೆದುಕೊಳ್ಳುವುದಿಲ್ಲ ಎಂದು ಕೈತೊಳೆದುಕೊಂಡಿತು. ಮತಗಳನ್ನು ಎಣಿಸಲೇ ಇಲ್ಲ. ಕೋಲ್ಟರ್ ಎನ್‌ಎಫ್‌ಎಲ್‌ನಲ್ಲಿ ಮಿನ್ನೆಸೋಟ ತಂಡದ ಅಭ್ಯಾಸದ ಪಡೆಯವರೆಗೆ ಹೋದ. ರಸಾಯನಶಾಸ್ತ್ರದ ಕ್ಲಾಸು ಅವನಿಲ್ಲದೆಯೇ ನಡೆಯಿತು.

ಪಾಠಕ್ಕೂ ಅಭ್ಯಾಸಕ್ಕೂ ಹೊತ್ತು ಹೊಂದದ ಈ ಕಷ್ಟವನ್ನು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಬಹಳ ಜಾಣತನದಿಂದ ಬಗೆಹರಿಸಿತ್ತು. ಪಾಠವನ್ನೇ ತೆಗೆದುಹಾಕಿತು. ಮೇಷ್ಟ್ರಿಲ್ಲ, ಹಾಜರಿಯಿಲ್ಲ, ಕೊನೆಗೊಂದು ಪ್ರಬಂಧ. ಅದಕ್ಕೆ ಕೈಬಿಚ್ಚಿ ಅಂಕ ಕೊಡುತ್ತಿದ್ದವರು ಕಚೇರಿಯ ಸಿಬ್ಬಂದಿ. 18 ವರ್ಷ ನಡೆದ ಈ ವಿದ್ಯಾದಾನದಲ್ಲಿ ಸುಮಾರು 3,100 ವಿದ್ಯಾರ್ಥಿಗಳು ಪಾಲು ಪಡೆದರು, ಹತ್ತಿರಹತ್ತಿರ ಅರ್ಧದಷ್ಟು ಆಟಗಾರರು. 2014ರ ತನಿಖಾ ವರದಿಯಲ್ಲಿ ಎಲ್ಲ ಬಯಲಾಯಿತು. ಎನ್‌ಸಿಎಎ 2017ರಲ್ಲಿ ತೀರ್ಪು ಕೊಟ್ಟು, ಈ ಸೌಲಭ್ಯ ಬರೀ ಆಟಗಾರರಿಗೆಂದೇ ಇರಲಿಲ್ಲ, ಉಳಿದ ವಿದ್ಯಾರ್ಥಿಗಳಿಗೂ ಇತ್ತು, ಆದ್ದರಿಂದ ನಮ್ಮ ನಿಯಮ ಮುರಿದಿದೆ ಎನ್ನಲಾಗದು ಎಂದಿತು. ಬೇಗಲ್ಲಿಗೆ ಸವರಿದ ಕ್ರೀಮ್ ಚೀಸಾದರೆ ಕಣ್ಣಿಗೆ ಕಾಣುತ್ತದೆ. ನಡೆಯದ ಕ್ಲಾಸಿಗೆ ಸಾಕ್ಷಿ ಎಲ್ಲಿಂದ ತರುವುದು?

ಇದೆಲ್ಲದರ ನಡುವೆ ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಕಾರ್ಡೇಲ್ ಜೋನ್ಸ್ 2012ರಲ್ಲಿ ಟ್ವಿಟರಿನಲ್ಲಿ, ನಾವು ಬಂದಿರುವುದು ಫುಟ್‌ಬಾಲ್ ಆಡಲಿಕ್ಕೆ, ಕ್ಲಾಸಿಗೆ ಯಾಕೆ ಹೋಗಬೇಕು ಎಂದು ಬರೆದು ದೇಶದ ತುಂಬ ನಗೆಪಾಟಲಾದ. ಎಲ್ಲರೂ ತಿಳಿದೂ ಸುಮ್ಮನಿದ್ದುದನ್ನು ಬಾಯಿಬಿಟ್ಟು ಹೇಳುವವನು ದಡ್ಡನೆನಿಸಿಕೊಳ್ಳುತ್ತಾನೆ. ಆ ದಡ್ಡ 2015ರ ಜನವರಿಯಲ್ಲಿ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ. ಬಿಟ್ಟುಹೋದ ಓದನ್ನೂ 2017ರಲ್ಲಿ ಮುಗಿಸಿ ಪದವಿ ತೆಗೆದುಕೊಂಡ.

ಈ ಮಡಿವಂತಿಕೆಯ ಪೂರ್ಣಾವತಾರ ಕಾಣಬೇಕೆಂದರೆ ಟೆಕ್ಸಸ್‌ನ ಕಾಲೇಜ್ ಸ್ಟೇಷನ್ ಎಂಬ ಊರಿಗೆ ಹೋಗಬೇಕು. ಅಲ್ಲಿಯ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ನಮಗೇನೂ ದೂರದ್ದಲ್ಲ. ಬೆಂಗಳೂರು, ಮೈಸೂರಿನಿಂದ ಎಂಎಸ್ ಮಾಡಲು ಹೋದವರು ಅಲ್ಲಿದ್ದಾರೆ. ಜಿಆರ್‌ಇ ಬರೆದು, ಅಪ್ಪನ ಸೈಟು ಅಡವಿಟ್ಟು ಸಾಲ ತಂದು, ಲ್ಯಾಬಿನಲ್ಲಿ ನಿದ್ದೆಗೆಡುವ ಈ ಮಕ್ಕಳಿಗೆ ವಿಶ್ವವಿದ್ಯಾಲಯದ ಗರ್ಭಗುಡಿ ಗ್ರಂಥಾಲಯವಲ್ಲ ಎಂದು ತಿಳಿಯುವುದು ಸೆಪ್ಟೆಂಬರಿನ ಮೊದಲ ಶನಿವಾರ, ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಕೈಲ್ ಫೀಲ್ಡ್ ತುಂಬಿ ತುಳುಕಿ ಊರಿನಲ್ಲಿ ಒಂದು ಕಾರು ನಿಲ್ಲಿಸಲೂ ಜಾಗವಿಲ್ಲದಾಗ.

2012ರಲ್ಲಿ ಆ ಗರ್ಭಗುಡಿಯ ದೇವರು ಕ್ವಾರ್ಟರ್‌ಬ್ಯಾಕ್ ಜಾನಿ ಮಾನ್ಜೆಲ್. ನವೆಂಬರಿನಲ್ಲಿ ದೇಶದ ನಂಬರ್ ಒನ್ ತಂಡವಾಗಿದ್ದ ಅಲಬಾಮವನ್ನು ಅವರದೇ ಅಂಗಳದಲ್ಲಿ 29–24ರಿಂದ ಸೋಲಿಸಿದಾಗ ಅವನಿಗಿನ್ನೂ 20 ತುಂಬಿರಲಿಲ್ಲ. ಡಿಸೆಂಬರಿನಲ್ಲಿ, ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಮರ್ಯಾದೆಯಾದ ಹೈಸ್‌ಮನ್ ಟ್ರೋಫಿ ಬಂತು. 1935ರಲ್ಲಿ ಶುರುವಾದ ಆ ಪ್ರಶಸ್ತಿ ಮೊದಲ ವರ್ಷದ ಆಟಗಾರನಿಗೆ ಸಿಕ್ಕಿದ್ದು ಅದೇ ಮೊದಲು. ಈ ಒಂದು ಪ್ರಶಸ್ತಿಯಿಂದ ವಿಶ್ವವಿದ್ಯಾಲಯಕ್ಕೆ ಪುಕ್ಕಟೆಯಾಗಿ ಸಿಕ್ಕ ಪ್ರಚಾರದ ಬೆಲೆ 3 ಕೋಟಿ 70 ಲಕ್ಷ ಡಾಲರ್ ಎಂದು ವಿಶ್ವವಿದ್ಯಾಲಯವೇ ಲೆಕ್ಕ ಹಾಕಿಸಿತು. ಲೆಕ್ಕ ಹಾಕಿಸಿದ ಮೇಲೂ ನಾವು ವ್ಯಾಪಾರಸ್ಥರಲ್ಲ ಎಂಬ ನಂಬಿಕೆ ಸಡಿಲವಾಗಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಕೈಲ್ ಫೀಲ್ಡನ್ನು ಹಿಗ್ಗಿಸಲು 45 ಕೋಟಿ ಡಾಲರಿನ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಅದೇ ಬೇಸಿಗೆಯಲ್ಲಿ ಹೊರಬಿತ್ತು ಭಯಂಕರ ಸುದ್ದಿ. ದೇವರು ತನ್ನ ಹೆಸರನ್ನು ತಾನೇ ಬರೆದು ದುಡ್ಡು ತೆಗೆದುಕೊಂಡಿದ್ದಾನಂತೆ. ಫೋಟೊ, ಹೆಲ್ಮೆಟ್ಟುಗಳಿಗೆ ಸಹಿ ಹಾಕಿ ವ್ಯಾಪಾರಿಗಳಿಂದ ಹಣ ಪಡೆದ ಎಂಬ ಆರೋಪಕ್ಕೆ ವಿಚಾರಣೆ ನಡೆಯಿತು. ದುಡ್ಡು ಪಡೆದದ್ದಕ್ಕೆ ಪುರಾವೆ ಸಿಗಲಿಲ್ಲ. ತಪ್ಪು ರುಜುವಾತಾಗಿದ್ದರೆ ದೊಡ್ಡ ಶಿಕ್ಷೆ, ಆಗದಿದ್ದರೆ ಬಿಡುಗಡೆ ಎಂಬುದು ಸಾಮಾನ್ಯ ಜನರ ನ್ಯಾಯ. ಇಲ್ಲಿ ಕೊಟ್ಟದ್ದು ಅರ್ಧ ಪಂದ್ಯದ ನಿಷೇಧ. ಪೂರ್ತಿ ಪಂದ್ಯವಲ್ಲ, ಅರ್ಧ. ಎದುರಾಳಿ ರೈಸ್ ವಿಶ್ವವಿದ್ಯಾಲಯ. ಅವನಿಲ್ಲದೆ ಅರ್ಧ ಪಂದ್ಯ ತಳ್ಳಬಹುದಾದಂಥ ಎದುರಾಳಿ. ಧರ್ಮವೂ ಉಳಿಯಬೇಕು, ಟಿವಿಯವರೂ ಮುನಿಯಬಾರದು.

ಆ ದಿನಗಳಲ್ಲೇ ಇಎಸ್‌ಪಿಎನ್‌ನ ವಿಶ್ಲೇಷಕ ಜೇ ಬಿಲಾಸ್ ಒಂದು ತಲೆಹರಟೆ ಮಾಡಿದರು. ಆಟಗಾರರ ಹೆಸರಿನಿಂದ ನಾವು ಒಂದು ಕಾಸೂ ಮಾಡುವುದಿಲ್ಲ ಎನ್ನುತ್ತಿದ್ದ ಎನ್‌ಸಿಎಎಯ ಆನ್‌ಲೈನ್ ಅಂಗಡಿಗೆ ಹೋಗಿ ಹುಡುಕುವ ಜಾಗದಲ್ಲಿ ‘ಮಾನ್ಜೆಲ್’ ಎಂದು ಒತ್ತಿದರು. ಅವನ ನಂಬರ್ 2 ಜೆರ್ಸಿ ಎದುರಿಗೆ ಬಂದು ನಿಂತಿತು. ಜೆರ್ಸಿಯ ಮೇಲೆ ಹೆಸರಿರಲಿಲ್ಲ. ಹೆಸರಿದ್ದುದು ಅಂಗಡಿಯ ಕಂಪ್ಯೂಟರಿನ ತಲೆಯಲ್ಲಿ. ಒಂದೆರಡು ದಿನದಲ್ಲಿ ಎನ್‌ಸಿಎಎ ಆ ವ್ಯಾಪಾರವನ್ನೇ ಬಿಡುತ್ತೇವೆ ಎಂದಿತು. ಅದಕ್ಕೆ ಮಾತ್ರ ಅರ್ಧ ದಿನದ ನಿಷೇಧವನ್ನೂ ಯಾರೂ ಹಾಕಲಿಲ್ಲ.

ಮಾನ್ಜೆಲ್‌ನ ಮುಂದಿನ ಕಥೆ ಬೇಗ ಮುಗಿಯುತ್ತದೆ. 2014ರಲ್ಲಿ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ 22ನೇ ಆಯ್ಕೆಯಾಗಿ ಕರೆದುಕೊಂಡಿತು. ಎದುರಾಳಿಗಳ ಆಟ ನೋಡಿ ಅಭ್ಯಾಸ ಮಾಡಲೆಂದು ಕೊಟ್ಟ ಟ್ಯಾಬ್ಲೆಟ್ಟಿನಲ್ಲಿ ಅವನು ವಿಡಿಯೊ ನೋಡಿದ ಅವಧಿ ಸೊನ್ನೆ ಎಂದು ಆಮೇಲೆ ತಿಳಿಯಿತು. ಮೂರು ವರ್ಷ ವಿದ್ಯಾರ್ಥಿಯಾಗಿದ್ದವನಿಗೆ ಓದಿಕೊಂಡು ಬರಬೇಕು ಎಂದು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಕುಡಿತ, ಚಿಕಿತ್ಸೆ, ಮನೆಯೊಳಗಿನ ಹಿಂಸೆಯ ಮೊಕದ್ದಮೆ, ಎರಡು ವರ್ಷದಲ್ಲಿ ಮನೆಗೆ. ಆಮೇಲೆ ಕೆನಡಾದ ಲೀಗು. ಅವರೂ ಹೊರಗೆ ಹಾಕಿದರು. ಹೊಸದಾಗಿ ಹುಟ್ಟಿದ ಇನ್ನೊಂದು ಲೀಗಿಗೆ ಹೋದರೆ ಆ ಲೀಗೇ ಮೊದಲ ವರ್ಷ ಪೂರೈಸದೆ ಬಾಗಿಲು ಮುಚ್ಚಿತು. 2023ರ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದಲ್ಲಿ, ಸಹಿಗೆ ದುಡ್ಡು ತೆಗೆದುಕೊಂಡದ್ದು ನಿಜ ಎಂದು ಅವನೇ ಹೇಳಿದ. ಅದೇ ವರ್ಷ ಕಾಲೇಜ್ ಸ್ಟೇಷನ್ನಿನಲ್ಲಿ ಅವನ ಹೆಸರಿನದೇ ಒಂದು ಬಾರ್ ತೆರೆಯಿತು. ಹೆಸರು ‘ಮನಿ ಬಾರ್’. ಮುಚ್ಚಿಡಲು ಇನ್ನೇನು ಉಳಿದಿತ್ತು?

ಅದೇ 2023ರ ನವೆಂಬರಿನಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಸರಿಯಾಗಿ ಗೆಲ್ಲಿಸುತ್ತಿಲ್ಲವೆಂದು ತೆಗೆದುಹಾಕಿತು. ಕರಾರಿನ ಪ್ರಕಾರ, ಇನ್ನು ಮುಂದೆ ಕೆಲಸ ಮಾಡದೆ ಇರುವುದಕ್ಕಾಗಿ ಅವರಿಗೆ ಸಲ್ಲಬೇಕಾದದ್ದು 7 ಕೋಟಿ 50 ಲಕ್ಷ ಡಾಲರಿಗೂ ಹೆಚ್ಚು. ಹುಡುಗ ಆಡಿದ್ದಕ್ಕೆ ದುಡ್ಡು ಕೊಟ್ಟರೆ ಆಟ ಕೆಡುತ್ತದೆ; ಕೋಚ್ ಆಡಿಸದಿದ್ದುದಕ್ಕೆ ಕೊಟ್ಟರೆ ಕೆಡುವುದಿಲ್ಲ.

ಒಹಾಯೊ ಸ್ಟೇಟ್‌ನ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟೆರೆಲ್ ಪ್ರೈಯರನ ಕಥೆಯೂ ಇದೇ ಪಂಥದ್ದು. ತನಗೇ ಕೊಟ್ಟ ಪದಕ ಪಾರಿತೋಷಕ ಮಾರಿಕೊಂಡ, ಹಚ್ಚೆ ಅಂಗಡಿಯಲ್ಲಿ ಅಗ್ಗಕ್ಕೆ ಹಚ್ಚೆ ಹಾಕಿಸಿಕೊಂಡ ಎಂದು 2010ರ ಡಿಸೆಂಬರಿನಲ್ಲಿ ಅವನಿಗೂ ಕೆಲವು ಸಂಗಡಿಗರಿಗೂ ಐದು ಪಂದ್ಯಗಳ ನಿಷೇಧ ಬಿತ್ತು. ಎರಡು ವಾರ ಕಳೆಯುವುದರೊಳಗೆ ಶುಗರ್ ಬೌಲ್ ಎಂಬ ದೊಡ್ಡ ಪಂದ್ಯವಿತ್ತು, ಟಿಕೆಟ್ಟುಗಳು ಮಾರಾಟವಾಗಿದ್ದವು. ಹುಡುಗರಿಗೆ ನಿಯಮ ಸರಿಯಾಗಿ ಕಲಿಸಿರಲಿಲ್ಲ ಎಂಬ ಕಾರಣ ಕೊಟ್ಟು ಆ ಪಂದ್ಯ ಆಡಲು ಬಿಟ್ಟು, ಶಿಕ್ಷೆಯನ್ನು ಮುಂದಿನ ವರ್ಷಕ್ಕೆ ಹಾಕಲಾಯಿತು. ಸರಿಯಾಗಿ ಕಲಿಸಿರಲಿಲ್ಲ ಎಂದು ಒಂದು ವಿದ್ಯಾಸಂಸ್ಥೆ ಒಪ್ಪಿಕೊಳ್ಳುವುದು ಅಪರೂಪ. ಅದಕ್ಕೊಂದು ಟಿವಿ ಪಂದ್ಯ ಹತ್ತಿರ ಬರಬೇಕಾಯಿತು.

ಸರಿ, ಇವರೆಲ್ಲ ತಪ್ಪುಗಾರರು. ಒಂದು ತಪ್ಪನ್ನೂ ಮಾಡದೆ ಆಡಿ, ಗೆದ್ದು, ಕಂಚಿನ ಹೈಸ್‌ಮನ್ ಟ್ರೋಫಿ ಎತ್ತಿದವರ ಗತಿ ಏನು? ಕಾಲೇಜಿನಲ್ಲಿ ಆಡಿದವರಲ್ಲಿ ಎನ್‌ಎಫ್‌ಎಲ್ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ ಎಂಬುದು ಎನ್‌ಸಿಎಎಯದೇ ಲೆಕ್ಕ. ಹೈಸ್‌ಮನ್ ಗೆದ್ದವರಿಗೂ ಅಲ್ಲಿ ಪೀಠ ಹಾಕಿಟ್ಟಿರುವುದಿಲ್ಲ. ಮಯಾಮಿಯ ಜೀನೊ ಟೊರೆಟ್ಟ 1992ರ ಹೈಸ್‌ಮನ್. ಎನ್‌ಎಫ್‌ಎಲ್‌ನಲ್ಲಿ ಅವರು ಆಡಿದ್ದು ಒಂದೇ ಒಂದು ಪಂದ್ಯ, ಆಮೇಲೆ ಹಣಕಾಸಿನ ಕೆಲಸ. 1993ರ ವಿಜೇತ ಚಾರ್ಲಿ ವಾರ್ಡ್ ಅವರನ್ನು ಎನ್‌ಎಫ್‌ಎಲ್ ಕರೆಯಲೇ ಇಲ್ಲ. ನ್ಯೂಯಾರ್ಕ್ ನಿಕ್ಸ್ ಕರೆಯಿತು, ವರ್ಷಗಟ್ಟಲೆ ಬ್ಯಾಸ್ಕೆಟ್‌ಬಾಲ್ ಆಡಿದರು. ಒಂದು ಆಟದ ದೇಶದ ಅತ್ಯುತ್ತಮ ಆಟಗಾರ ಇನ್ನೊಂದು ಆಟದಲ್ಲಿ ಹೊಟ್ಟೆ ಹೊರೆದ ಉದಾಹರಣೆಗಳು ಹೆಚ್ಚಿಲ್ಲ.

ಓಕ್ಲಹೋಮದ ಜೇಸನ್ ವೈಟ್ 2001ರಲ್ಲಿ ಒಂದು ಮಂಡಿಯ ಸ್ನಾಯುರಜ್ಜು ಕಿತ್ತುಕೊಂಡರು, 2002ರಲ್ಲಿ ಇನ್ನೊಂದರದು. 2003ರಲ್ಲಿ ಹೈಸ್‌ಮನ್ ಗೆದ್ದರು. 2005ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಅವರ ಹೆಸರನ್ನು ಯಾವ ತಂಡವೂ ಕೂಗಲಿಲ್ಲ. ಟೆನೆಸ್ಸಿ ತಂಡ ಸುಮ್ಮನೆ ಬಾ ಎಂದು ಕರೆದಾಗ ಮಂಡಿಗಳು ಒಪ್ಪಲಿಲ್ಲ. ದ್ರೋಣ ಕೇಳಿದ್ದು ಒಂದು ಹೆಬ್ಬೆರಳು. ಈ ಗುರುಕುಲ ಎರಡೂ ಮಂಡಿ ಇಸಿದುಕೊಂಡಿತು, ಬದಲಿಗೆ ಕ್ರೀಡಾಂಗಣದ ಬಳಿ ಒಂದು ಕಂಚಿನ ಪ್ರತಿಮೆ ನಿಲ್ಲಿಸಿತು. ಪ್ರತಿಮೆಯ ಮಂಡಿಗಳು ಚೆನ್ನಾಗಿವೆ.

ನನಗೆ ಇವರೆಲ್ಲರಲ್ಲಿ ಇಷ್ಟವಾಗುವವರು ನೆಬ್ರಾಸ್ಕದ ಎರಿಕ್ ಕ್ರೌಚ್. 2001ರ ವಿಜೇತ. ನೀನು ಕ್ವಾರ್ಟರ್‌ಬ್ಯಾಕ್ ಆಗುವಷ್ಟು ಎತ್ತರವಿಲ್ಲ, ಚೆಂಡು ಹಿಡಿಯುವವನಾಗು ಎಂದು ಎನ್‌ಎಫ್‌ಎಲ್ ಹೇಳಿತು, ಅದು ಹೊಂದಲಿಲ್ಲ. ಅಲ್ಲಿ ಇಲ್ಲಿ ಕೆಲವು ವರ್ಷ ತಿರುಗಿ ಒಮಾಹಕ್ಕೆ ಮರಳಿದವರು ಶಾಲೆ, ಪಾರ್ಕುಗಳಿಗೆ ಜಾರುಬಂಡೆ, ಉಯ್ಯಾಲೆ ಮಾರುವ ಉದ್ಯೋಗ ಕಟ್ಟಿದರು. ನಗಬೇಡಿ. ಈ ಸಾಲಿನಲ್ಲಿ ಅತ್ಯಂತ ಮರ್ಯಾದೆಯ ಕೆಲಸ ಅದು. ಜಾರುಬಂಡೆಯ ಮೇಲಿನ ಮಕ್ಕಳು ಯಾರೂ, ಅಂಕಲ್, ಆವತ್ತು ಕೊಲೊರಾಡೊ ಎದುರು ಯಾಕೆ ಸೋತಿರಿ ಎಂದು ಕೇಳುವುದಿಲ್ಲ. ದೊಡ್ಡವರು ಕೇಳುತ್ತಾರೆ. ಮಾಜಿ ಕ್ವಾರ್ಟರ್‌ಬ್ಯಾಕಿಗೆ ಐವತ್ತು ತುಂಬಿದರೂ ಊರಿನವರ ಪಾಲಿಗೆ ಅವನು ಇಪ್ಪತ್ತೊಂದರ ಹುಡುಗ. ಪೆಟ್ರೋಲ್ ಹಾಕಿಸುವಾಗ, ಮಗಳ ಮದುವೆಯಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ ಅದೇ ಒಂದು ಎಸೆತದ ಮಾತು. ಉಳಿದಂತೆ ಹೈಸ್‌ಮನ್ ಗೆದ್ದವರಿಗೆ ಜೀವಮಾನ ಪೂರ್ತಿ ಎರಡು ಹಕ್ಕು ಉಳಿಯುತ್ತವೆ: ಪ್ರತಿವರ್ಷ ಹೊಸ ವಿಜೇತನನ್ನು ಆರಿಸಲು ಒಂದು ಮತ, ಮತ್ತು ನಿಸಾನ್ ಕಾರಿನ ಜಾಹೀರಾತಿನಲ್ಲಿ, ಹಳೆಯ ವಿಜೇತರೆಲ್ಲ ಒಂದೇ ಮನೆಯಲ್ಲಿ ಹಾಸ್ಟೆಲ್ ಹುಡುಗರಂತೆ ಕಿತ್ತಾಡುವ ಪಾತ್ರ ಸಿಗಬಹುದೆಂಬ ನಿರೀಕ್ಷೆ.

ತಲೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಸತ್ತ ಆಟಗಾರರ ಮನೆಯವರು ದಾನ ಕೊಟ್ಟ ಮಿದುಳುಗಳನ್ನು ಪರೀಕ್ಷಿಸಿದರು. ಕಾಲೇಜು ಮಟ್ಟದವರೆಗೆ ಆಡಿದ 53 ಮಂದಿಯಲ್ಲಿ 48 ಮಂದಿಗೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಬರುವ ಸಿಟಿಇ ಎಂಬ ಮಿದುಳಿನ ರೋಗವಿತ್ತು. ಅನುಮಾನವಿದ್ದ ಮನೆಯವರೇ ಹೆಚ್ಚಾಗಿ ದಾನ ಮಾಡಿರುತ್ತಾರೆ, ಆದ್ದರಿಂದ ಎಲ್ಲರಿಗೂ ಹೀಗೇ ಎನ್ನಲಾಗದು ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ. ವಿದ್ಯಾರ್ಥಿಗಳ ಮಿದುಳಿನ ಮೇಲೆ ಆಟದ ಪ್ರಭಾವ ಕುರಿತು ಒಂದು ವಿಶ್ವವಿದ್ಯಾಲಯ ಮಾಡಿದ ನಿಜವಾದ ವಿದ್ಯೆಯ ಕೆಲಸ ಇದು; ಇದಕ್ಕೆ ಲಕ್ಷ ಜನ ಸೇರಿ ಚಪ್ಪಾಳೆ ಹೊಡೆದ ದಾಖಲೆಯಿಲ್ಲ.

2021ರ ಜುಲೈ 1ಕ್ಕೆ ಮಡಿ ಬಟ್ಟೆ ಬಿಚ್ಚಿತು. ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತಕ್ಕೆ ಒಂಬತ್ತು ನ್ಯಾಯಮೂರ್ತಿಗಳಿಂದಲೂ ಪೆಟ್ಟು ತಿಂದ ಎನ್‌ಸಿಎಎ, ಆಟಗಾರರು ತಮ್ಮ ಹೆಸರು, ಮುಖ ಮಾರಿಕೊಳ್ಳಬಹುದು ಎಂದಿತು. ಆ ತಿಂಗಳೇ ಅಲಬಾಮದ ಕೋಚ್ ನಿಕ್ ಸೇಬನ್, ತಮ್ಮ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಇನ್ನೂ ಒಂದು ಪಂದ್ಯವನ್ನೂ ಆರಂಭಿಸದೆ ಹತ್ತಿರಹತ್ತಿರ ಹತ್ತು ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿದ್ದಾನೆ ಎಂದರು. 2025ರ ಜೂನಿನಲ್ಲಿ ಇನ್ನೊಂದು ಮೊಕದ್ದಮೆಯ ರಾಜಿಗೆ ಕೋರ್ಟು ಒಪ್ಪಿ, ಕಾಲೇಜುಗಳು ತಾವೇ ಮೊದಲ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರಿನವರೆಗೆ ಆಟಗಾರರಿಗೆ ಹಂಚಬಹುದೆಂದಾಯಿತು. ಸಹಿಗೆ ದುಡ್ಡು ಪಡೆದನೆಂಬ ಅನುಮಾನಕ್ಕೆ ಅರ್ಧ ಪಂದ್ಯ ಹೊರಗೆ ಕೂತವನು ಒಂಬತ್ತು ವರ್ಷ ತಡವಾಗಿ ಹುಟ್ಟಿದ್ದರೆ ಸಾಕಿತ್ತು.

ಈಗ ಹೊಸ ಅಳು ಶುರುವಾಗಿದೆ. ಹುಡುಗರಿಗೆ ನಿಷ್ಠೆಯಿಲ್ಲವಂತೆ, ದುಡ್ಡು ಹೆಚ್ಚು ಕೊಟ್ಟ ಕಡೆ ಓಡುತ್ತಾರಂತೆ. 2021ರಲ್ಲಿ ನೋಟರ್ ಡೇಮ್ ತಂಡಕ್ಕೆ ಪ್ರಶಸ್ತಿಯ ಬಾಗಿಲು ಇನ್ನೂ ಮುಚ್ಚಿರಲಿಲ್ಲ, ಅಷ್ಟರಲ್ಲೇ ಎಲ್‌ಎಸ್‌ಯು ವಿಶ್ವವಿದ್ಯಾಲಯಕ್ಕೆ ಹೊರಟುಹೋದ ಕೋಚ್ ಬ್ರಯನ್ ಕೆಲಿ ಮಾಡಿದ್ದು ಓಟವಲ್ಲ, ವೃತ್ತಿಜೀವನದ ನಿರ್ಧಾರ. ಓಟ ಅನ್ನುವುದು ಹುಡುಗರಿಗೆ. ಜೆ.ಟಿ. ಡೇನಿಯಲ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಆರು ವರ್ಷದಲ್ಲಿ ನಾಲ್ಕು ವಿಶ್ವವಿದ್ಯಾಲಯ ನೋಡಿ, ತಲೆಗೆ ಬಿದ್ದ ಪೆಟ್ಟುಗಳ ಕಾರಣಕ್ಕೆ ಆಟ ಬಿಟ್ಟ. ಹಿಂದಿನ ಕಾಲದಲ್ಲಿ ಇಷ್ಟು ಮಠ ಸುತ್ತಿದವನನ್ನು ಜ್ಞಾನಿ ಎನ್ನುತ್ತಿದ್ದರು.

ಇನ್ನೂ ಜಾಣ ವ್ಯಾಂಡರ್‌ಬಿಲ್ಟ್‌ನ ಡಿಯೇಗೊ ಪಾವಿಯ. ಕಾಲೇಜಿನಾಚೆ ಏನಿದೆ ಎಂದು ಟೊರೆಟ್ಟ, ವೈಟ್ ಅವರನ್ನು ನೋಡಿ ತಿಳಿದನೋ ಏನೋ, ಆಚೆ ಹೋಗಲೇ ಒಪ್ಪಲಿಲ್ಲ. ಜೂನಿಯರ್ ಕಾಲೇಜಿನಲ್ಲಿ ಆಡಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇನ್ನೊಂದು ವರ್ಷ ಕಾಲೇಜಿನಲ್ಲಿ ಇರಲು ಬಿಡದಿದ್ದರೆ ನನಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ನಷ್ಟ ಎಂದು ಕೋರ್ಟಿಗೆ ಹೋದ. ಹುಡುಗರು ಓದಬೇಕು, ಓದಬೇಕು ಎಂದು ಎಪ್ಪತ್ತು ವರ್ಷ ಬಡಿದುಕೊಂಡ ಎನ್‌ಸಿಎಎ, ಇವನ ಓದು ಮುಗಿದಿದೆ, ದಯವಿಟ್ಟು ಹೊರಗೆ ಕಳಿಸಿ ಎಂದು ವಕೀಲರ ಮೂಲಕ ಬೇಡಿಕೊಂಡಿತು. 2024ರ ಡಿಸೆಂಬರಿನಲ್ಲಿ ನ್ಯಾಶ್‌ವಿಲ್‌ನ ಫೆಡರಲ್ ನ್ಯಾಯಾಧೀಶರು ಹುಡುಗನ ಪರವಾಗಿ ಆದೇಶ ಕೊಟ್ಟರು. ಸೋತ ಎನ್‌ಸಿಎಎ, ಅವನಂತೆಯೇ ಜೂನಿಯರ್ ಕಾಲೇಜು ಮುಗಿಸಿ ಬಂದಿದ್ದ ಉಳಿದವರಿಗೂ ಒಂದು ವರ್ಷ ಹೆಚ್ಚಿಗೆ ಕೊಟ್ಟಿತು. ಆ ವರ್ಷದಲ್ಲಿ ಇವರೆಲ್ಲ ಯಾವ ವಿಷಯ ಓದುತ್ತಾರೆ ಎಂದು ನ್ಯಾಯಾಧೀಶರೂ ಕೇಳಲಿಲ್ಲ, ವಕೀಲರೂ ಕೇಳಲಿಲ್ಲ, ವಿಶ್ವವಿದ್ಯಾಲಯವಂತೂ ಕೇಳುವ ಗೋಜಿಗೇ ಹೋಗಲಿಲ್ಲ.